ಊರಿಗೆ ನೀರು ಕೊಟ್ಟ ಊರು

ಪಟ್ಟಣದ ಅಂಚಿನಲ್ಲಿ ಮನೆ ಮಾಡಬೇಕೆಂದು ಹೊರಡುವವರು ಕೇಳತಕ್ಕ ಪ್ರಶ್ನೆಗಳು ಎಲ್ಲ ಕಾಲಕ್ಕೂ ಹೆಚ್ಚುಕಡಮೆ ಒಂದೇ. ಗಾಳಿ ಬೆಳಕು ಹೇಗಿದೆ? ಪೇಟೆಗೆ ಎಷ್ಟು ದೂರ? ಮಕ್ಕಳಿಗೆ ಶಾಲೆ ಉಂಟೆ? ಇವೆಲ್ಲ ಮುಗಿದ ಮೇಲೆ ಮನೆಯ ಹೆಂಗಸರು ಕೇಳುವ ಪ್ರಶ್ನೆ ಇನ್ನೊಂದಿದೆ: ನೀರು ಎಲ್ಲಿಂದ ಬರುತ್ತದೆ? ಕೊನೆಗೆ ಬಂದರೂ ಬಡಾವಣೆಯ ಬಾಳನ್ನು ನಿರ್ಧರಿಸುವುದು ಈ ಪ್ರಶ್ನೆಯೇ. ಬೆಂಗಳೂರಿನ ಮಟ್ಟಿಗೆ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಇದಕ್ಕೆ ಇದ್ದ ಉತ್ತರ ಒಂದೇ ಮಾತಿನದು: ಹೆಸರಘಟ್ಟದಿಂದ.

ನಗರಕ್ಕೆ ವಾಯವ್ಯದಲ್ಲಿ ಸುಮಾರು 18 ಕಿಲೋಮೀಟರು ದೂರದಲ್ಲಿರುವ ಹೆಸರಘಟ್ಟವು ಈಗ ತಾನೇ ಒಂದು ಹೊರವಲಯವಾಗುತ್ತಿದೆ. ಬೆಂಗಳೂರಿನ ಮೊದಲ ಬಡಾವಣೆಗಳು ನೆಲೆಯೂರಲು ಆಸರೆಯಾದ ಊರೇ ಇಂದು ಬಡಾವಣೆಯ ಸುಖಕಷ್ಟಗಳನ್ನು ಕಾಣುತ್ತಿದೆ. ಈ ಎರಡು ಸಂಗತಿಗಳನ್ನು ಜೊತೆಯಲ್ಲಿಟ್ಟು ನೋಡಿದರೆ, ಪಟ್ಟಣಕ್ಕೂ ಅದರ ಅಂಚಿಗೂ ಇರುವ ಸಂಬಂಧ ಎಂಥದೆಂಬುದು ತಿಳಿದೀತು.

ಬೆಂಗಳೂರು ಹತ್ತಿರದಲ್ಲಿ ದೊಡ್ಡ ಹೊಳೆಯಿಲ್ಲದ, ದಿಬ್ಬದ ಮೇಲಿನ ಊರು. ಆದುದರಿಂದ ಹಿಂದಿನವರು ಕೆರೆಗಳನ್ನು ಕಟ್ಟಿಕೊಂಡರು, ಬಾವಿಗಳನ್ನು ತೋಡಿಕೊಂಡರು. ಧರ್ಮಾಂಬುಧಿ, ಸಂಪಂಗಿ, ಹಲಸೂರು ಕೆರೆಗಳು ಪೇಟೆಗೂ ದಂಡಿಗೂ ಆಸರೆಯಾಗಿದ್ದುವು. ಜನ ಹೆಚ್ಚಿದಂತೆ ಈ ಏರ್ಪಾಡು ಸಾಲದಾಯಿತು. 1876ರಿಂದ 1878ರವರೆಗಿನ ಮಹಾಕ್ಷಾಮವು ಮೈಸೂರು ಸೀಮೆಯನ್ನೇ ನಡುಗಿಸಿತು. 1882ರಲ್ಲಿ ಸ್ಯಾಂಕಿ ಕೆರೆ ಆಯಿತು. ಆದರೂ ಬೇಸಗೆ ಬಂದರೆ ನೀರಿನ ಕೊರತೆ, ಮಳೆ ಬಂದರೆ ಕೊಳೆ ನೀರಿನ ಭಯ ತಪ್ಪಲಿಲ್ಲ. ಬಾವಿಯ ನೀರು ಕೆಟ್ಟಾಗ ವಾಂತಿಭೇದಿ ಕೇರಿಯಿಂದ ಕೇರಿಗೆ ಹರಡುತ್ತಿದ್ದ ಕಾಲ ಅದು.

ಆಗ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್ ಅವರು. ಮುಖ್ಯ ಎಂಜಿನಿಯರ್ ಎಂ. ಸಿ. ಹಚಿನ್ಸ್. ಇವರಿಬ್ಬರ ಯೋಜನೆಯಂತೆ 1894ರಲ್ಲಿ ಅರ್ಕಾವತಿ ನದಿಗೆ ಅಡ್ಡಲಾಗಿ ಹೆಸರಘಟ್ಟದಲ್ಲಿ ಜಲಾಶಯವಾಯಿತು. ಮಹಾರಾಜರ ಹೆಸರಿನಲ್ಲಿ ಇದಕ್ಕೆ ಚಾಮರಾಜೇಂದ್ರ ವಾಟರ್ ವರ್ಕ್ಸ್ ಎಂದು ಹೆಸರಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡರು. ನಗರಕ್ಕೆ ನಲ್ಲಿ ನೀರು ಹರಿದದ್ದು 1896ರಲ್ಲಿ. ತಮ್ಮ ಹೆಸರಿನ ನೀರನ್ನು ಕಾಣುವ ಭಾಗ್ಯ ಅರಸರಿಗೆ ಇರಲಿಲ್ಲ.

ಈ ನೀರು ಬಂದ ಬಗೆಯನ್ನು ಇಂದಿನ ಮಕ್ಕಳಿಗೂ ವಿವರಿಸಿ ಹೇಳಬೇಕು. ಕೆರೆಯಿಂದ ಹೊರಟ ನೀರು ಇಟ್ಟಿಗೆಯಿಂದ ಕಟ್ಟಿದ ಕಾಲುವೆಯಲ್ಲಿ ಯಾವ ಯಂತ್ರದ ನೆರವೂ ಇಲ್ಲದೆ, ಇಳಿಜಾರಿನ ಬಲದಿಂದಲೇ ತರಬನಹಳ್ಳಿಯ ಕಡೆಗೆ ಸಾಗಿ ಸೋಲದೇವನಹಳ್ಳಿಗೆ ಬರುತ್ತಿದ್ದಿತು. ಅಲ್ಲಿಂದ ಮುಂದೆ ನೆಲ ಏರುವುದರಿಂದ ಹಬೆಯ ಪಂಪುಗಳು ಅದನ್ನು ಎತ್ತಿ ಮಲ್ಲೇಶ್ವರದ ಕಡೆಗೆ ತಳ್ಳುತ್ತಿದ್ದುವು. ಮಲ್ಲೇಶ್ವರದಲ್ಲಿ ಮುಂದೆ ನೀರು ಸೋಸುವ ಜ್ಯೂವೆಲ್ ಫಿಲ್ಟರ್ಸ್ ಎಂಬ ಕಾರ್ಯಾಗಾರವಾಯಿತು. ಇದು ಒಡವೆಗೆ ಸಂಬಂಧಿಸಿದ ಹೆಸರಲ್ಲ, ಆ ಬಗೆಯ ಸೋಸುಯಂತ್ರದ ಹೆಸರು. ಹಳೆಯ ಇಟ್ಟಿಗೆಯ ಕಾಲುವೆಯ ಅವಶೇಷಗಳು ಹೆಸರಘಟ್ಟದ ದಾರಿಯಲ್ಲಿ ಈಗಲೂ ಕಾಣಸಿಗುತ್ತವೆ.

ನೀರು ಬಂದದ್ದು ಸರಿಯಾದ ಗಳಿಗೆಯಲ್ಲಿ ಎನ್ನಬೇಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ತಗುಲಿತು. ಇಕ್ಕಟ್ಟಾದ ಪೇಟೆಯ ಮನೆಗಳನ್ನು ಬಿಟ್ಟು ಜನ ಬಯಲಿಗೆ ಓಡಿದರು. ಉತ್ತರದಲ್ಲಿ ಮಲ್ಲೇಶ್ವರ, ದಕ್ಷಿಣದಲ್ಲಿ ಬಸವನಗುಡಿ ಬಡಾವಣೆಗಳು ತುಂಬತೊಡಗಿದುವು. ನೇರವಾದ ಬೀದಿ, ಮನೆಯ ಸುತ್ತ ಜಾಗ, ಹಿಂದುಗಡೆ ಕಸ ತೆಗೆಯುವವರಿಗೆಂದು ಬಿಟ್ಟ ಸಣ್ಣ ಓಣಿ, ಇವೆಲ್ಲ ಆರೋಗ್ಯದ ದೃಷ್ಟಿಯಿಂದ ಮಾಡಿದ ಏರ್ಪಾಡುಗಳು. ಇಂಥ ಬಡಾವಣೆಗಳ ಮನೆಗಳು ಪೇಟೆಯ ಬಾವಿಗಳಿಂದ ಎಷ್ಟು ದೂರವಾದರೂ ಬದುಕು ನಡೆಯುವಂತೆ ಮಾಡಿದ್ದು ಕೊಳಾಯಿ. ಹಜಾರದ ತೂಗುಮಂಚ, ಅಂಗಳದ ಮಲ್ಲಿಗೆ ಬಳ್ಳಿ, ಹಿತ್ತಲಿನ ತೆಂಗಿನ ಮರಗಳನ್ನು ನೆನೆದು ಹಳೆಯ ಮಲ್ಲೇಶ್ವರವನ್ನು ಹೊಗಳುವ ನಾವು, ಆ ಬಳ್ಳಿಗೆ ನೀರುಣಿಸಿದ ದೂರದ ಹಳ್ಳಿಯನ್ನು ನೆನೆಯುವುದು ಅಪರೂಪ.

1901ರ ಜನಗಣತಿಯಂತೆ ನಗರ ಮತ್ತು ದಂಡು ಎರಡೂ ಕೂಡಿ ಬೆಂಗಳೂರಿನ ಜನ ಸುಮಾರು 1,59,000. ಆ ಊರಿಗೆ ತಕ್ಕಂತೆ ಯೋಚಿಸಿದ ಕೆರೆ ಬೆಳೆಯುತ್ತಿದ್ದ ಊರಿಗೆ ಎಷ್ಟು ಕಾಲ ಸಾಕಾದೀತು? 1920ರ ದಶಕದಲ್ಲಿ ಮಳೆ ಕೈಕೊಟ್ಟಾಗ ಹೆಸರಘಟ್ಟ ಬತ್ತಿತು, ನಗರ ಕಂಗಾಲಾಯಿತು. ಎಂ. ವಿಶ್ವೇಶ್ವರಯ್ಯನವರ ನೇತೃತ್ವದ ಸಮಿತಿಯು ಬೇರೆ ಮೂಲವನ್ನು ಹುಡುಕಿತು. ಅದೇ ಅರ್ಕಾವತಿಯ ಕೆಳಭಾಗದಲ್ಲಿ, ಕುಮುದ್ವತಿ ಕೂಡುವೆಡೆಯಲ್ಲಿ, 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರವಾಯಿತು. ಅದೂ ಸಾಲದೆ 1974ರಲ್ಲಿ ಸುಮಾರು ನೂರು ಕಿಲೋಮೀಟರು ದೂರದಿಂದ, ಸುಮಾರು ಐದುನೂರು ಮೀಟರು ಎತ್ತರಕ್ಕೆ ಕಾವೇರಿಯನ್ನು ಏರಿಸಿ ತಂದದ್ದಾಯಿತು. ಹತ್ತಿರದ ನೀರು ತೀರಿದ ಹಾಗೆಲ್ಲ ದೂರದ ನೀರಿಗೆ ಕೈ ಚಾಚುವುದು ಬೆಂಗಳೂರಿನ ಅಭ್ಯಾಸವಾಗಿಬಿಟ್ಟಿತು.

ಹೀಗೆ ಹೊಣೆ ಇಳಿದ ಹೆಸರಘಟ್ಟ ಅನೇಕ ವರ್ಷ ತನ್ನ ಪಾಡಿಗೆ ತಾನಿದ್ದಿತು. ಊರ ಹೊರಗಿನ ವಿಶಾಲವಾದ ನೆಲವನ್ನು ಸರಕಾರವು ದನ, ಕೋಳಿಗಳ ತಳಿ ಸುಧಾರಣೆಯ ಕೇಂದ್ರಗಳಿಗೆ ಬಳಸಿಕೊಂಡಿತು. 1967ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸ್ಥಾಪನೆಯಾಗಿ ಇಲ್ಲಿ ನೆಲೆಯೂರಿತು. ನಮ್ಮ ರೈತರು ಬಿತ್ತುವ ಅರ್ಕಾ ಎಂಬ ಹೆಸರಿನ ಟೊಮೇಟೊ, ಬೆಂಡೆ ಮೊದಲಾದ ತಳಿಗಳು ಇಲ್ಲಿಯವೇ. 1990ರಲ್ಲಿ ಪ್ರೋತಿಮಾ ಬೇಡಿ ಅವರು ಹತ್ತಿರದಲ್ಲೇ ನೃತ್ಯಗ್ರಾಮವನ್ನು ಕಟ್ಟಿದರು. ವಸಂತಹಬ್ಬದ ರಾತ್ರಿ ನಗರದ ಜನ ಹಿಂಡುಹಿಂಡಾಗಿ ಬಂದು ಬಯಲು ರಂಗದ ಮೆಟ್ಟಿಲಲ್ಲಿ ಕುಳಿತು ಸಂಗೀತ ಕೇಳಿದ್ದುಂಟು. ಕೆರೆಯ ಆಚೀಚೆಯ ಹುಲ್ಲುಗಾವಲಿನಲ್ಲಿ ನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಬಲ್ಲವರು ಗುರುತಿಸಿದ್ದಾರೆ.

ಅಷ್ಟರಲ್ಲಿ ನಗರವೇ ಹೆಸರಘಟ್ಟದ ಕಡೆಗೆ ನಡೆದು ಬಂದಿತು. ಜಾಲಹಳ್ಳಿಯ ಬಳಿ 1953ರಲ್ಲಿ ಎಚ್.ಎಂ.ಟಿ., ಮರುವರ್ಷ ಬಿ.ಇ.ಎಲ್. ಕಾರ್ಖಾನೆಗಳಾದುವು. ಆಮೇಲೆ ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆಯಿತು. ಕೆಲಸಕ್ಕೆ ಬಂದವರಿಗೆ ಮನೆ ಬೇಕಲ್ಲವೆ? ತುಮಕೂರು ರಸ್ತೆಯ ಎಂಟನೇ ಮೈಲಿಯಿಂದ ಒಳಕ್ಕೆ ತಿರುಗಿದ ಹೆಸರಘಟ್ಟ ರಸ್ತೆಯ ಎರಡು ಪಕ್ಕದಲ್ಲೂ ಬಾಗಲಗುಂಟೆ, ಚಿಕ್ಕಬಾಣಾವರ, ಸೋಲದೇವನಹಳ್ಳಿಗಳ ಹೊಲಗಳು ಸೈಟುಗಳಾದುವು. 2015ರಲ್ಲಿ ನಾಗಸಂದ್ರದವರೆಗೆ ಮೆಟ್ರೊ ರೈಲು ಬಂದ ಮೇಲೆ ಮೆಜೆಸ್ಟಿಕ್ಕಿಗೆ ಹೋಗಿಬರುವವರಿಗೆ ಅನುಕೂಲವಾಯಿತು.

ಇಲ್ಲಿಯ ಬಾಳಿನಲ್ಲಿ ಸುಖವಿಲ್ಲವೆಂದಲ್ಲ. ಬೆಳಗಿನ ಗಾಳಿ ತಂಪು. ದ್ರಾಕ್ಷಿ ತೋಟದ, ಗುಲಾಬಿ ತೋಟದ ಊರುಗಳು ಸಮೀಪ. ಹಾಸನದವರು, ಕಲಬುರಗಿಯವರು, ಗಡಿಯಾಚೆಯವರು ಒಂದೇ ಬೀದಿಯಲ್ಲಿದ್ದು ಹಬ್ಬದ ದಿನ ಎಳ್ಳುಬೆಲ್ಲ ಹಂಚಿಕೊಳ್ಳುತ್ತಾರೆ. ಜೀವಮಾನದ ಉಳಿತಾಯದಲ್ಲಿ ಕೊಂಡ ಮೂವತ್ತು ನಲವತ್ತರ ಸೈಟಿನಲ್ಲಿ ಸ್ವಂತ ಮನೆ ಎದ್ದಾಗ ಆಗುವ ತೃಪ್ತಿ ಸಣ್ಣದಲ್ಲ. ಆದರೆ ಬೆಳಗ್ಗೆ ಬಸ್ಸಿಗೆ ಕಾಯುವಷ್ಟೇ ಆತಂಕದಿಂದ ನೀರಿನ ಟ್ಯಾಂಕರಿಗೂ ಕಾಯಬೇಕು. ಮನೆ ಕಟ್ಟುವ ಮೊದಲೇ ಬೋರು ಕೊರೆಸಬೇಕು. ನೂರಾರು ಅಡಿ ಇಳಿದರೂ ನೀರು ಸಿಕ್ಕೀತೆಂಬ ಭರವಸೆಯಿಲ್ಲ. 2007ರಲ್ಲಿ ನಗರದ ಎಲ್ಲೆ ಹಿಗ್ಗಿ 110 ಹಳ್ಳಿಗಳು ಒಳಗೆ ಸೇರಿದುವು. ಆ ಹಳ್ಳಿಗಳಿಗೆಂದು ಕಾವೇರಿಯ ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಹೆಸರಘಟ್ಟ ಆ ಪಟ್ಟಿಯಲ್ಲಿರಲಿಲ್ಲ. ನಗರದ ಮೊದಲ ಕೊಳಾಯಿಗೆ ನೀರು ಕೊಟ್ಟ ಊರು ನಗರದ ನೀರಿನ ಗೆರೆಯಿಂದ ಹೊರಗೆ ಉಳಿಯಿತು. ದೀಪದ ಬುಡದಲ್ಲಿ ಕತ್ತಲೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಕೆರೆ ಮೊದಲಿನಂತೆ ತುಂಬದಿರುವುದಕ್ಕೆ ಮಳೆಯೊಂದನ್ನೇ ದೂರಿದರೆ ನ್ಯಾಯವಾಗದು. ಅರ್ಕಾವತಿ ನಂದಿಯ ಬೆಟ್ಟಗಳ ಕಡೆ ಹುಟ್ಟಿ, ದೊಡ್ಡಬಳ್ಳಾಪುರವನ್ನು ಹಾಯ್ದು, ಕೆರೆಯಿಂದ ಕೆರೆಗೆ ತುಂಬಿ ಹರಿದು ಇಲ್ಲಿಗೆ ಬರಬೇಕು. ಮೇಲಿನ ಒಂದು ಕೆರೆಯ ಕಾಲುವೆ ಮುಚ್ಚಿದರೆ ಕೆಳಗಿನ ಕೆರೆಗೆ ನೀರಿಲ್ಲ. ದಾರಿಯುದ್ದಕ್ಕೂ ನೀಲಗಿರಿ ತೋಪುಗಳು ಬೆಳೆದುವು. ಕೊಳವೆ ಬಾವಿಗಳು ನೆಲದೊಳಗಿನ ನೀರನ್ನು ಹೀರಿದುವು. ಹಿಂದೆ ಒಸರಾಗಿ ಹಳ್ಳಕ್ಕೆ ಇಳಿಯುತ್ತಿದ್ದ ನೀರು ಇಲ್ಲದಾಯಿತು. ಈ ಜಲಾನಯನ ಪ್ರದೇಶದಲ್ಲಿ ಕಟ್ಟಡಗಳಿಗೂ ಕಾರ್ಖಾನೆಗಳಿಗೂ ಮಿತಿ ಹಾಕಿ ಸರಕಾರವು 2003ರಲ್ಲಿ ಆದೇಶ ಹೊರಡಿಸಿತು. 2024ರ ಅಕ್ಟೋಬರಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿಯು ಸುಮಾರು 5,678 ಎಕರೆ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು ಒಪ್ಪಿತು. ತಮ್ಮ ನೆಲದ ಬೆಲೆ ಏನಾದೀತು, ದಾರಿ ಬಂದಾದೀತೆ ಎಂಬ ಚಿಂತೆ ಸುತ್ತಲಿನ ಹಳ್ಳಿಯವರಲ್ಲಿ ಕೆಲವರಿಗೆ ಇದ್ದೇ ಇದೆ. ಅವರ ಮಾತನ್ನು ತಳ್ಳಿಹಾಕದೆ ಕೇಳಬೇಕಾದದ್ದು ಧರ್ಮ. ಹುಲ್ಲು ಬೆಳೆದ ಬಯಲು ಪಾಳು ಭೂಮಿಯಲ್ಲ, ಮಳೆಯನ್ನು ನೆಲಕ್ಕೆ ಇಳಿಸಿ ಕೆರೆಯನ್ನು ಕಾಯುವ ಭೂಮಿ ಎಂಬುದನ್ನೂ ಅಷ್ಟೇ ತಾಳ್ಮೆಯಿಂದ ತಿಳಿಸಿ ಹೇಳಬೇಕು.

ನಗರದ ಅಂಚಿನಲ್ಲಿ ಮನೆ ಮಾಡುವವರು ನೀರಿನ ದಾರಿಯ ಮೇಲೆ ಮನೆ ಮಾಡುತ್ತಾರೆ. ತಮ್ಮ ಸೈಟಿನ ಪಕ್ಕದ ಚರಂಡಿಯಂಥ ಹಳ್ಳ ಒಂದು ಕಾಲದ ರಾಜಕಾಲುವೆಯೇ ಎಂದು ವಿಚಾರಿಸುವುದು, ಮಾಳಿಗೆಯ ಮಳೆ ನೀರನ್ನು ಬೀದಿಗೆ ಬಿಡದೆ ಗುಂಡಿಗೆ ಇಂಗಿಸುವುದು, ಊರ ಕೆರೆಯ ಅಂಗಳಕ್ಕೆ ಕಸ ಸುರಿಯುವವರನ್ನು ನೆರೆಹೊರೆಯವರು ಕೂಡಿ ತಡೆಯುವುದು, ಇವು ಯಾವ ದಿವಾನರ ಅಪ್ಪಣೆಗೂ ಕಾಯಬೇಕಾದ ಕೆಲಸಗಳಲ್ಲ. ನಗರದ ಒಳಗಿರುವವರ ಹೊಣೆ ಇನ್ನೂ ಹೆಚ್ಚಿನದು. ಅರ್ಕಾವತಿಯ ನೀರನ್ನು ಕುಡಿದು ಬೆಳೆದ ಮನೆಗಳು ಅದರ ದಂಡೆಯ ಜನರಿಗೆ ಋಣಿಗಳು. ಕಾವೇರಿ ಎಷ್ಟೇ ಹಂತಗಳಲ್ಲಿ ಬಂದರೂ ಈ ಋಣ ತೀರುವುದು ಹೆಸರಘಟ್ಟದ ಮನೆಗಳಿಗೂ ನೀರು ಬಂದಾಗ, ಅದರ ಕೆರೆಗೂ ನೀರು ಬಂದಾಗ.