ಉಪ್ಪಿನ ಪೊದೆ



ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆ ನಮ್ಮಲ್ಲಿ ಮನೆಮಾತಾಗಿದೆ. ಆಸ್ಟ್ರೇಲಿಯಾ ಖಂಡದ ಕುರಿಗಳಿಗೆ ಈ ಮಾತು ಅಕ್ಷರಶಃ ಅನ್ವಯಿಸಿತು; ಅವುಗಳ ಒಡೆಯರಿಗೆ ಗಾದೆಯ ಒಳ ಅರ್ಥದಲ್ಲಿ ಅನ್ವಯಿಸಿತು. ಆ ಚರಿತ್ರೆಯನ್ನು ಸಂಕ್ಷೇಪವಾಗಿ ನಿವೇದಿಸುತ್ತೇನೆ.

ಆ ಖಂಡದ ಒಳನಾಡು ಮಳೆ ಕಾಣದ ಚೌಳು ಭೂಮಿ. ಅಲ್ಲಿ ಹುಲುಸಾಗಿ ಬೆಳೆಯುವುದು ಬೂದಿಬಣ್ಣದ ಒಂದು ಪೊದೆ. ಥಾಮಸ್ ಮಿಚೆಲ್ ಎಂಬ ಭೂಮಾಪಕನ ಪ್ರವಾಸಗ್ರಂಥದಲ್ಲಿ, 1848ರಲ್ಲಿ, ಸಸ್ಯಶಾಸ್ತ್ರಜ್ಞ ಲಿಂಡ್ಲಿಯು ಇದಕ್ಕೆ ಅಟ್ರಿಪ್ಲೆಕ್ಸ್ ನಮ್ಯುಲೇರಿಯಾ ಎಂದು ಹೆಸರಿಟ್ಟನು. ನಾಣ್ಯದಂತೆ ದುಂಡಾದ ಎಲೆಯುಳ್ಳದ್ದೆಂದು ಅದರ ಭಾವ. ಬೇರು ಹೀರಿದ ಉಪ್ಪಿನಲ್ಲಿ ಹೆಚ್ಚಾದುದನ್ನು ಈ ಗಿಡವು ಎಲೆಯ ಮೇಲಣ ಸೂಕ್ಷ್ಮವಾದ ಗುಳ್ಳೆಗಳಲ್ಲಿ ಕೂಡಿಡುತ್ತದೆ. ಹುಲ್ಲೆಲ್ಲ ಒಣಗಿದಾಗಲೂ ಇದು ಹಸುರಾಗಿದ್ದು ಕುರಿಗಳ ಪ್ರಾಣವನ್ನು ಉಳಿಸುತ್ತದೆ. ಆದರೆ ಇದನ್ನು ಮೇಯುವ ಕುರಿಗೆ ನೀರು ಯಥೇಚ್ಛವಾಗಿ ಬೇಕು.

ನೀರಿನ ಅಭಾವವೇ ಬಹುಕಾಲ ಈ ಪೊದೆಗೆ ರಕ್ಷಣೆಯಾಗಿತ್ತು. ಕೆರೆಗಳನ್ನು ತೋಡಿದ ಮೇಲೆ ಮಂದೆಗಳು ಒಳಕ್ಕೆ ನುಗ್ಗಿದವು. 1878ರಲ್ಲಿ ನ್ಯೂ ಸೌತ್ ವೇಲ್ಸ್ ಪ್ರಾಂತದ ಕಲ್ಲಾರಾದಲ್ಲಿ ಭೂಮಿಯನ್ನು ಕೊರೆಯಲು, ಪಾತಾಳದ ನೀರು ತಾನಾಗಿಯೇ ಮೇಲಕ್ಕೆ ಚಿಮ್ಮಿತು. ಇಂತಹ ಬಾವಿಗಳು ಹೆಚ್ಚಿದಂತೆಲ್ಲ, ಬರಗಾಲಕ್ಕೆಂದು ಪ್ರಕೃತಿಯು ಕೂಡಿಟ್ಟ ಮೇವು ಪ್ರತಿದಿನದ ಆಹಾರವಾಯಿತು. ಬೇಟೆಯ ವಿನೋದಕ್ಕಾಗಿ 1859ರಲ್ಲಿ ವಿಕ್ಟೋರಿಯಾದಲ್ಲಿ ಬಿಟ್ಟಿದ್ದ ಮೊಲಗಳ ಸಂತತಿಯೂ ಹಬ್ಬಿ ಬಂದು, ಉಳಿದ ಚಿಗುರನ್ನು ಕಡಿಯಿತು.

1895ರಿಂದ 1902ರ ವರೆಗೆ ಘೋರವಾದ ಬರ ಬಂದಿತು. ಆಪತ್ತಿಗೆ ಒದಗಬೇಕಾದ ಪೊದೆಯೇ ಅನೇಕ ಕಡೆ ಇರಲಿಲ್ಲ. ಬೋಳು ನೆಲದ ಮಣ್ಣು ಗಾಳಿಗೆ ಹಾರಿತು. ಕುರಿಗಳು ಲಕ್ಷಗಟ್ಟಲೆ ಸತ್ತವು. 1901ರಲ್ಲಿ ನ್ಯೂ ಸೌತ್ ವೇಲ್ಸ್ ಸರಕಾರದ ವಿಚಾರಣಾ ಮಂಡಲಿಯು, ಮಳೆಯ ಕೊರತೆ ಮತ್ತು ಮೊಲದ ಪಿಡುಗಿನೊಂದಿಗೆ, ಮಿತಿಮೀರಿದ ಮಂದೆಯನ್ನೂ ಕಾರಣವೆಂದು ಎಣಿಸಿತು.

1925ರಲ್ಲಿ ಅಡಿಲೇಡ್ ವಿಶ್ವವಿದ್ಯಾನಿಲಯದ ಆಚಾರ್ಯ ಆಸ್ಬರ್ನರು, ಕೂನಮೋರ್ ಎಂಬಲ್ಲಿ ಹಾಳಾದ ಸುಮಾರು 1000 ಎಕರೆ ನೆಲಕ್ಕೆ ಬೇಲಿ ಹಾಕಿಸಿದರು. ಗೊತ್ತುಪಡಿಸಿದ ಸ್ಥಳಗಳಲ್ಲಿಯೇ ನಿಂತು ಛಾಯಾಚಿತ್ರಗಳನ್ನು ತೆಗೆಯುತ್ತ, ಗಿಡಗಳನ್ನು ಎಣಿಸುತ್ತ ಬಂದ ಕೆಲಸವು ದಶಕಗಳ ಕಾಲ ಸಾಗಿತು. ಪೊದೆಗಳು ಮರಳಿ ಹುಟ್ಟಿದವು, ಆದರೆ ಬಹು ನಿಧಾನವಾಗಿ. ಕೆಲವೇ ವರ್ಷಗಳಲ್ಲಿ ಮೇದುದು ಮರಳಿ ಬೆಳೆಯಲು ಮನುಷ್ಯನ ಒಂದು ಆಯುಸ್ಸು ಬೇಕಾಗಬಹುದೆಂದು ಆ ಬೇಲಿಯೊಳಗಿನ ನೆಲವು ಸಾಕ್ಷಿ ನುಡಿಯುತ್ತದೆ.

ನೀರನ್ನು ಹೊರತಂದ ಜಾಣ್ಮೆ ದೊಡ್ಡದು. ಎಷ್ಟು ಮೇಯಿಸಬೇಕೆಂಬ ವಿವೇಕವು ಅದಕ್ಕಿಂತಲೂ ದೊಡ್ಡದು.