ಹದಿನೇಳು ವರ್ಷ, ಮೂರು ಧ್ವನಿಸಂಪುಟ: ರಘು ದೀಕ್ಷಿತ್ ಹಾಡಿನ ಹಾದಿ

ಮೈಸೂರಿನ ಗಾಯಕ, ಗೀತರಚನಕಾರ ರಘು ದೀಕ್ಷಿತ್ ಅವರ ಮೂರನೆಯ ಸ್ವತಂತ್ರ ಧ್ವನಿಸಂಪುಟ 'ಶಕ್ಕರ್' 2025ರಲ್ಲಿ ಹೊರಬಂದಿತು. ಅದರ ಹಿಂದಿನ ಸಂಪುಟ 'ಜಗ್ ಚಂಗಾ' ಬಂದದ್ದು 2013ರಲ್ಲಿ. ಮೊದಲನೆಯದು ಬಂದದ್ದು 2008ರಲ್ಲಿ. ಚಲನಚಿತ್ರಗಳಿಗೆ ಸಂಗೀತ ನೀಡುವವರು ವರ್ಷಕ್ಕೆ ಮೂರು ನಾಲ್ಕು ಸಂಪುಟ ಹೊರತರುವ ನಾಡಿನಲ್ಲಿ, ಹದಿನೇಳು ವರ್ಷಗಳಲ್ಲಿ ಕೇವಲ ಮೂರು ಎಂಬ ಲೆಕ್ಕ ಸೋಮಾರಿತನದಂತೆ ಕಂಡೀತು. ಆದರೆ ಚಿತ್ರರಂಗದ ಆಸರೆಯಿಲ್ಲದೆ ಕನ್ನಡದಲ್ಲಿ ಹಾಡು ಕಟ್ಟಿ, ಧ್ವನಿಮುದ್ರಿಸಿ, ಮಾರುವುದು ಎಷ್ಟು ಕಠಿಣ ಎಂಬುದನ್ನು ಬಲ್ಲವರಿಗೆ ಈ ಸಂಖ್ಯೆ ಅಚ್ಚರಿ ಹುಟ್ಟಿಸದು.

ಆರಂಭದ ದಿನಗಳು

ರಘು ದೀಕ್ಷಿತ್ ಜನಿಸಿದ್ದು 1974ರ ನವೆಂಬರ್ 11ರಂದು, ಮಹಾರಾಷ್ಟ್ರದ ನಾಸಿಕ್‌ನಲ್ಲಿ. ಬೆಳೆದದ್ದು, ಓದಿದ್ದು ಮೈಸೂರಿನಲ್ಲಿ. ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಪದವಿಯನ್ನು ಚಿನ್ನದ ಪದಕದೊಂದಿಗೆ ಪಡೆದವರು. ಅದಕ್ಕೂ ಮೊದಲೇ ಭರತನಾಟ್ಯವನ್ನು ಶಾಸ್ತ್ರೋಕ್ತವಾಗಿ ಅಭ್ಯಾಸ ಮಾಡಿದ್ದರು. ಇಂದಿಗೂ ವೇದಿಕೆಯ ಮೇಲೆ ಅವರು ಕಾಲಿಗೆ ಗೆಜ್ಜೆ ಕಟ್ಟಿ, ಬಣ್ಣದ ಲುಂಗಿ ಉಟ್ಟು ಹಾಡುವುದನ್ನು ಕಂಡವರು ಅದನ್ನು ಕೇವಲ ಅಲಂಕಾರವೆಂದು ಭಾವಿಸುವುದುಂಟು. ಗೆಜ್ಜೆ ಅವರಿಗೆ ಗಿಟಾರಿಗಿಂತ ಹಳೆಯ ನಂಟು.

ಗಿಟಾರು ಕೈಗೆ ಬಂದ ಕಥೆಯನ್ನು ಅವರು ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಸಂಪ್ರದಾಯಸ್ಥ ಮನೆ, ಪಾಶ್ಚಾತ್ಯ ಸಂಗೀತಕ್ಕೆ ಅಲ್ಲಿ ಪ್ರವೇಶವಿರಲಿಲ್ಲ. ಕಾಲೇಜಿನಲ್ಲಿ ಸಹಪಾಠಿಯೊಬ್ಬ ಗಂಡಸಿಗೆ ನೃತ್ಯವೇಕೆ ಎಂದು ಗೇಲಿ ಮಾಡಿದಾಗ, ಎರಡು ತಿಂಗಳಲ್ಲಿ ತಾನು ಗಿಟಾರು ಕಲಿಯುವುದಾಗಿಯೂ, ಅಷ್ಟರಲ್ಲಿ ಆತ ಭರತನಾಟ್ಯ ಕಲಿತು ತೋರಿಸಬೇಕೆಂದೂ ಪಂಥ ಕಟ್ಟಿದರಂತೆ. ಪಂಥದ ಮಾತು ಅಲ್ಲಿಗೇ ಮುಗಿಯಿತು, ಗಿಟಾರು ಮಾತ್ರ ಉಳಿಯಿತು.

1990ರ ದಶಕದ ಕೊನೆಯ ಭಾಗದಲ್ಲಿ ಪಿಟೀಲು ವಾದಕ ಎಚ್.ಎನ್. ಭಾಸ್ಕರ್ ಮೊದಲಾದವರೊಂದಿಗೆ ಸೇರಿ 'ಅಂತರಾಗ್ನಿ' ತಂಡ ಕಟ್ಟಿದರು. ಕರ್ನಾಟಕ ಸಂಗೀತದ ಪಿಟೀಲು ಹಾಗೂ ಪಾಶ್ಚಾತ್ಯ ಗಿಟಾರು ಜೊತೆಯಾಗಿ ನಡೆಯುವ ಆ ಶೈಲಿ ಇಂದಿಗೂ ಅವರ ಹಾಡುಗಳ ಗುರುತಾಗಿ ಉಳಿದಿದೆ. ನಡುವೆ ಔಷಧ ಕಂಪನಿಯೊಂದರ ಉದ್ಯೋಗದ ನಿಮಿತ್ತ ಬೆಲ್ಜಿಯಂಗೆ ತೆರಳಿದರು. ಅಲ್ಲಿನ ನೆರೆಮನೆಯವರು ಕೇಳಿ ಮೆಚ್ಚಿದ ಹಾಡು ಬಾನುಲಿಯವರೆಗೂ ತಲುಪಿತು. ಕನ್ನಡದ ಒಂದಕ್ಷರವೂ ತಿಳಿಯದ ಕೇಳುಗರು ಮೆಚ್ಚಿದ್ದು ಅವರಿಗೆ ಧೈರ್ಯ ನೀಡಿತು. ಉದ್ಯೋಗ ತೊರೆದು ಮರಳಿದರು.

ತಿರಸ್ಕಾರದ ವರ್ಷಗಳು

ಮರಳಿ ಬಂದವರಿಗೆ ಇಲ್ಲಿ ಕಾದಿದ್ದುದು ಮುಚ್ಚಿದ ಬಾಗಿಲು. ಒಂದೊಂದಾಗಿ ಧ್ವನಿಮುದ್ರಣ ಸಂಸ್ಥೆಗಳು ಅವರ ಹಾಡುಗಳನ್ನು ಹಿಂದಿರುಗಿಸಿದವು. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಒಂದೇ ಸಂಪುಟದಲ್ಲಿದ್ದರೆ ಅಂಗಡಿಯವನು ಅದನ್ನು ಯಾವ ಸಾಲಿನಲ್ಲಿ ಇಡಬೇಕು ಎಂಬುದು ಅಂದಿನ ಪ್ರಶ್ನೆ. ಅದು ಪೂರ್ತಿ ಅವಿವೇಕದ ಪ್ರಶ್ನೆಯೇನಲ್ಲ. ಕನ್ನಡದಲ್ಲಿ ಆಗ ಧ್ವನಿಸುರುಳಿ ಮಾರುಕಟ್ಟೆ ಎಂದರೆ ಚಿತ್ರಗೀತೆ, ಭಕ್ತಿಗೀತೆ, ಭಾವಗೀತೆ ಎಂಬ ಮೂರು ಕಪಾಟುಗಳು. ಜನಪದದ ಸುರುಳಿಗಳು ಜಾತ್ರೆಗಳಲ್ಲಿ, ಬಸ್ ನಿಲ್ದಾಣದ ಗೂಡಂಗಡಿಗಳಲ್ಲಿ ಧಾರಾಳವಾಗಿ ಮಾರಾಟವಾಗುತ್ತಿದ್ದವಾದರೂ ಆ ಹಾದಿ ನಗರದ ಗಿಟಾರು ಗಾಯಕನಿಗೆ ತೆರೆದಿರಲಿಲ್ಲ.

ಇದರ ನಡುವೆ 'ಅಂತರಾಗ್ನಿ' ತಂಡವೂ ಚದುರಿತು. 2005ರ ವೇಳೆಗೆ ಅವರು ಆರಂಭಿಸಿದ 'ರಘು ದೀಕ್ಷಿತ್ ಪ್ರಾಜೆಕ್ಟ್' ಎಂಬ ಹೆಸರಿನ ಹಿಂದೆ ಕಹಿಯಾದ ಒಂದು ಜಾಣತನವಿದೆ. ವಾದಕರು ಬಂದು ಹೋಗುತ್ತಿದ್ದರೂ ಹೆಸರು ಬದಲಾಗಬೇಕಿಲ್ಲ. ಬೇಸ್ ಗಿಟಾರು ವಾದಕ ಗೌರವ್ ವಾಜ್ ಈ ತಂಡದಲ್ಲಿ ದೀರ್ಘಕಾಲ ಜೊತೆಗಿದ್ದವರಲ್ಲಿ ಒಬ್ಬರು.

ಮುಂಬೈಯಲ್ಲಿ ಇವರ ಹಾಡು ಕೇಳಿದ ಹಿಂದಿ ಚಿತ್ರ ಸಂಗೀತ ನಿರ್ದೇಶಕ ಜೋಡಿ ವಿಶಾಲ್–ಶೇಖರ್ ತಮ್ಮ 'ಕೌಂಟರ್ ಕಲ್ಚರ್' ಸಂಸ್ಥೆಯ ಮೂಲಕ 2008ರಲ್ಲಿ ಮೊದಲ ಸಂಪುಟವನ್ನು ಹೊರತಂದರು. ಅದೇ ವರ್ಷ ಕನ್ನಡದ 'ಸೈಕೋ' ಚಿತ್ರಕ್ಕೆ ಅವರು ನೀಡಿದ ಸಂಗೀತವೂ ಜನಪ್ರಿಯವಾಯಿತು. ಬಹಳ ಕಾಲ ಬಾಗಿಲು ತಟ್ಟಿದವನಿಗೆ ಒಂದೇ ವರ್ಷದಲ್ಲಿ ಎರಡು ಬಾಗಿಲು ತೆರೆದವು. ಮುಂದೆ ಸುದೀಪ್ ನಿರ್ದೇಶನದ 'ಜಸ್ಟ್ ಮಾತ್ ಮಾತಲ್ಲಿ' (2010), ಹಿಂದಿಯ 'ಮುಝ್‌ಸೆ ಫ್ರೆಂಡ್‌ಶಿಪ್ ಕರೋಗೆ' (2011), 'ಬೇವಕೂಫಿಯಾಂ' (2014), ಕನ್ನಡದ 'ಲವ್ ಮಾಕ್ಟೇಲ್' (2020), 'ಆರ್ಕೆಸ್ಟ್ರಾ ಮೈಸೂರು' (2023) ಚಿತ್ರಗಳಿಗೆ ಸಂಗೀತ ನೀಡಿದರು.

2010ರಲ್ಲಿ ಬ್ರಿಟನ್ನಿನ ಬಿಬಿಸಿ ವಾಹಿನಿಯ ಜೂಲ್ಸ್ ಹಾಲೆಂಡ್ ಸಂಗೀತ ಕಾರ್ಯಕ್ರಮದಲ್ಲಿ ಹಾಡುವ ಅವಕಾಶ ಒದಗಿತು. 2011ರಲ್ಲಿ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸ ಕಲಾವಿದ ಪ್ರಶಸ್ತಿ ಸಂದಿತು. ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವದಲ್ಲಿಯೂ ಹಾಡಿದರು.

ಶರೀಫರ ಮಾಳಿಗೆ

ಆ ವಿದೇಶಿ ವೇದಿಕೆಗಳಿಗೆ ಅವರ ಜೊತೆ ಹೋದವರು ಶಿಶುನಾಳ ಶರೀಫರು (1819–1889). ಮೊದಲ ಸಂಪುಟದಲ್ಲಿಯೇ ಶರೀಫರ ಎರಡು ತತ್ವಪದಗಳಿದ್ದವು. ಒಂದು ಗುಡುಗುಡಿ ಸೇದುವ ನೆಪದಲ್ಲಿ ಒಳಗಿನ ದುರ್ಗುಣಗಳನ್ನು ಸುಡುವ ಮಾತಾಡುತ್ತದೆ. ಇನ್ನೊಂದು ಸೋರುವ ಮಾಳಿಗೆಯನ್ನು ಅಜ್ಞಾನಕ್ಕೆ ರೂಪಕವಾಗಿಸುತ್ತದೆ. ಸೇಡಂ, ಚಿಂಚೋಳಿ ಕಡೆಯ ಹಳೆಯ ಮಣ್ಣಿನ ಮನೆಗಳಲ್ಲಿ ಬೆಳೆದವರಿಗೆ ಈ ಎರಡನೆಯ ಪದದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಮಣ್ಣು ಹಾಕದಿದ್ದರೆ ರಾತ್ರಿಯಿಡೀ ಪಾತ್ರೆಗಳನ್ನಿಟ್ಟುಕೊಂಡು ಎಚ್ಚರವಿರಬೇಕಾಗುತ್ತದೆ. ಲಂಡನ್ನಿನ ಶ್ರೋತೃವಿಗೆ ದಕ್ಕಿದ್ದು ತಾಳ; ಐನಾಪುರದ ಶ್ರೋತೃವಿಗೆ ದಕ್ಕುವುದು ಆ ತಾಳದೊಳಗಿನ ಮನೆ.

ಇಲ್ಲಿ ಒಂದು ಆಕ್ಷೇಪವನ್ನೂ ದಾಖಲಿಸಬೇಕು. ತತ್ವಪದವೆಂಬುದು ಏಕತಾರಿ, ದಮ್ಮಡಿ, ತಾಳಗಳೊಡನೆ ರಾತ್ರಿಯೆಲ್ಲ ನಡೆಯುವ ಭಜನೆ. ಗುರುವಿನ ಅನುಗ್ರಹದಿಂದ ಹಾಡತಕ್ಕದ್ದು. ಕಲಬುರಗಿ ಸೀಮೆಯಲ್ಲಿ ಕಡಕೋಳ ಮಡಿವಾಳಪ್ಪನವರ ಪದಗಳು ಇಂದಿಗೂ ಹಾಗೆಯೇ ಉಳಿದು ಬಂದಿವೆ. ಅದನ್ನು ನಾಲ್ಕು ನಿಮಿಷಕ್ಕೆ ಕತ್ತರಿಸಿ, ಡ್ರಮ್ಮಿನ ಏಟಿಗೆ ಕೂರಿಸುವುದು ಸರಿಯೇ? ಈ ಮಾತು ರಘು ದೀಕ್ಷಿತ್ ಅವರಿಂದ ಆರಂಭವಾದದ್ದಲ್ಲ. ಶರೀಫರನ್ನು ನಗರದ ಮನೆಗಳಿಗೆ ತಲುಪಿಸಿದ ಸಿ. ಅಶ್ವಥ್ ಅವರ ಗಾಯನ, 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ 'ಸಂತ ಶಿಶುನಾಳ ಶರೀಫ' ಚಿತ್ರ ಇವೆಲ್ಲವೂ ಭಜನೆಯ ಮಟ್ಟಿನಿಂದ ಬೇರೆಯೇ ಆಗಿದ್ದವು. ಆದರೂ ಶರೀಫರ ಹೆಸರು ಮನೆಮಾತಾದುದರಲ್ಲಿ ಅವುಗಳ ಪಾಲು ದೊಡ್ಡದು.

ಹೆಚ್ಚು ಯೋಚಿಸಬೇಕಾದದ್ದು ಹಣದ ವಿಷಯ. ಭಾರತದ ಕೃತಿಸ್ವಾಮ್ಯ ಕಾಯಿದೆಯಂತೆ ಕವಿಯ ನಿಧನಾನಂತರ 60 ವರ್ಷಗಳು ಕಳೆದರೆ ಕೃತಿ ಸಾರ್ವಜನಿಕರದ್ದಾಗುತ್ತದೆ. ಆದುದರಿಂದ ಶರೀಫರ ಸಾಹಿತ್ಯಕ್ಕೆ ಯಾರೂ ಸಂಭಾವನೆ ಕೊಡಬೇಕಿಲ್ಲ. ಆದರೆ ಅದಕ್ಕೆ ಹೊಸದಾಗಿ ಮಟ್ಟು ಹಾಕಿದವರಿಗೆ ತಮ್ಮ ಮಟ್ಟಿನ ಮೇಲೆ ಹಕ್ಕುಂಟು. 2012ರ ತಿದ್ದುಪಡಿಯು ಗೀತರಚನಕಾರ ಹಾಗೂ ಸಂಗೀತ ನಿರ್ದೇಶಕರಿಗೆ ರಾಯಧನದ ಪಾಲನ್ನು ಭದ್ರಪಡಿಸಿತು. ತಲೆಮಾರುಗಳಿಂದ ಆ ಪದವನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದ ಹಳ್ಳಿಯ ಮೇಳಕ್ಕೆ ಮಾತ್ರ ಈ ಲೆಕ್ಕದಲ್ಲಿ ಸ್ಥಾನವೇ ಇಲ್ಲ. ಇದು ಯಾವೊಬ್ಬ ಗಾಯಕರ ದೋಷವಲ್ಲ, ಕಾನೂನು ಬರೆದ ರೀತಿಯೇ ಹಾಗೆ: ಹೆಸರಿರುವ ಕರ್ತೃವನ್ನು ಅದು ಗುರುತಿಸುತ್ತದೆ, ಊರನ್ನು ಗುರುತಿಸುವುದಿಲ್ಲ.

'ಜಗ್ ಚಂಗಾ'ದಿಂದ 'ಶಕ್ಕರ್'ವರೆಗೆ

ಎರಡನೆಯ ಸಂಪುಟದಲ್ಲಿಯೂ ಶರೀಫರಿದ್ದರು. ಆ ಬಳಿಕ ಹನ್ನೆರಡು ವರ್ಷ ಸಂಪುಟವಿಲ್ಲ. ಕಚೇರಿಗಳು ನಡೆದವು, ಬಿಡಿ ಹಾಡುಗಳು ಬಂದವು. 2018ರ ಅಕ್ಟೋಬರಿನಲ್ಲಿ 'ಮೀ ಟೂ' ಅಭಿಯಾನದ ಸಂದರ್ಭದಲ್ಲಿ ಅವರ ವರ್ತನೆಯ ಬಗ್ಗೆ ಆರೋಪಗಳು ಸಾಮಾಜಿಕ ಜಾಲತಾಣದಲ್ಲಿ ಪ್ರಕಟಗೊಂಡವು. ಅವರು ಬಹಿರಂಗವಾಗಿ ಕ್ಷಮೆ ಯಾಚಿಸಿದರು. ಕಲಾವಿದರ ಪರಿಚಯ ಲೇಖನಗಳಲ್ಲಿ ಇಂತಹ ಸಂಗತಿಯನ್ನು ದಾಟಿಹೋಗುವ ರೂಢಿಯುಂಟು. ದಾಖಲೆಯ ದೃಷ್ಟಿಯಿಂದ ಅದು ಸರಿಯಲ್ಲ. 2020ರ ಕೊರೋನಾ ದಿಗ್ಬಂಧನದಲ್ಲಿ ಎಲ್ಲ ಕಲಾವಿದರಂತೆ ಇವರ ವೇದಿಕೆಯೂ ಬರಿದಾಯಿತು. ಸ್ವತಂತ್ರ ಗಾಯಕರ ಅನ್ನ ಬರುವುದು ಕಚೇರಿಯಿಂದಲೇ ಹೊರತು ಧ್ವನಿಮುದ್ರಿಕೆಯಿಂದಲ್ಲವಾದ್ದರಿಂದ ಆ ಪೆಟ್ಟು ಹೆಚ್ಚು ಬಲವಾಗಿಯೇ ಬಿದ್ದಿತು.

ಈ ಹನ್ನೆರಡು ವರ್ಷಗಳಲ್ಲಿ ಹಾಡು ಕೇಳುವ ಬಗೆಯೂ ಬದಲಾಗಿದೆ. ಮೊದಲ ಸಂಪುಟದ ಕಾಲದಲ್ಲಿ ಕಚೇರಿ ಮುಗಿದ ಮೇಲೆ ಮೇಜಿನ ಮೇಲೆ ಸಿ.ಡಿ. ಇಟ್ಟು ಮಾರುವುದಿತ್ತು. ಇಂದು ಸಿ.ಡಿ. ಹಾಕಲು ಮನೆಯಲ್ಲಿ ಯಂತ್ರವೇ ಇಲ್ಲ. ಮೊಬೈಲಿನಲ್ಲಿ ಕೇಳುಗರು ಒಂದೊಂದೇ ಹಾಡನ್ನು ಆರಿಸಿಕೊಳ್ಳುತ್ತಾರೆ. ಹಾಡುಗಳನ್ನು ಒಂದು ಕ್ರಮದಲ್ಲಿ ಪೋಣಿಸಿ 'ಸಂಪುಟ' ಎಂದು ಕೊಡುವುದು ಈಗ ವ್ಯಾಪಾರದ ಅಗತ್ಯವಲ್ಲ, ಕಲಾವಿದನ ಹಟ. ಅಂಗಡಿಯ ಕಪಾಟು ಇಲ್ಲವಾದುದರಿಂದ ಒಂದು ಲಾಭವೂ ಆಗಿದೆ: ಕನ್ನಡ ಹಾಡಿನ ಪಕ್ಕದಲ್ಲಿ ಹಿಂದಿ ಹಾಡು ಏಕಿದೆ ಎಂದು ಕೇಳುವ ಅಂಗಡಿಯವನು ಈಗ ಇಲ್ಲ.

'ಶಕ್ಕರ್' ಎಂದರೆ ಸಕ್ಕರೆ. ಎರಡು ದಶಕಗಳ ಹಿಂದೆ ಮಾರಾಟವಾಗದೆಂದು ಹಿಂದಿರುಗಿದ ಅದೇ ಪಿಟೀಲು–ಗಿಟಾರಿನ ಜಾಡಿನಿಂದ ಬಂದ ಈ ಸಂಪುಟವೂ ಮೊಬೈಲಿನ ಸಂಗೀತ ತಾಣಗಳಲ್ಲಿ ಕೇಳಲು ಲಭ್ಯವಿದೆ.