ಎ ರಿಲೇ ಮತ್ತು ಅದರ ನಾಲ್ಕು ಕಾಂಟ್ಯಾಕ್ಟು

ಬೆಂಗಳೂರಿನ ಕೆ.ಆರ್. ಪುರದ ದಾರಿಯಲ್ಲಿ, ಹಳೆ ಮದ್ರಾಸ್ ರಸ್ತೆಯ ಪಕ್ಕದ ದೂರವಾಣಿನಗರಕ್ಕೆ ಆ ಹೆಸರು ಬಂದದ್ದು ಟೆಲಿಫೋನ್ ಕಾರ್ಖಾನೆಯಿಂದ. 1948ರಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಊರವರ ಬಾಯಲ್ಲಿ ಐಟಿಐ, ಇಂಗ್ಲೆಂಡಿನ ಲಿವರ್‌ಪೂಲಿನ ಎಟಿಇ ಕಂಪನಿಯ ನೆರವಿನಿಂದ ಸ್ಟ್ರೌಜರ್ ಎಂಬ ಬಗೆಯ ಸ್ವಯಂಚಾಲಿತ ಟೆಲಿಫೋನ್ ಎಕ್ಸ್‌ಚೇಂಜುಗಳನ್ನು ತಯಾರಿಸಿತು.

ಬ್ರಿಟಿಷ್ ಸ್ಟ್ರೌಜರಿನ ಸರ್ಕ್ಯೂಟ್ ನಕ್ಷೆಗೆ ತನ್ನದೇ ವ್ಯಾಕರಣವಿತ್ತು. ಒಂದು ರಿಲೇಯನ್ನು ಒಂದೇ ಜಾಗದಲ್ಲಿ ಬರೆಯುತ್ತಿರಲಿಲ್ಲ. ಕಾಯಿಲ್ ಒಂದು ಕಡೆ, ಅದು ಎಳೆಯುವ ಕಾಂಟ್ಯಾಕ್ಟುಗಳು ಹಾಳೆಯಲ್ಲಿ ಬೇರೆ ಬೇರೆ ಕಡೆ, ಎಲ್ಲಿ ಕೆಲಸವಿದೆಯೋ ಅಲ್ಲಿ. ಕಾಯಿಲ್ ಪಕ್ಕದಲ್ಲಿ ಭಿನ್ನರಾಶಿಯಂತೆ ‘ಎ’ ಕೆಳಗೆ 4 ಎಂದಿದ್ದರೆ ಎ ರಿಲೇಗೆ ನಾಲ್ಕು ಕಾಂಟ್ಯಾಕ್ಟ್ ಸೆಟ್ಟುಗಳಿವೆ ಎಂದರ್ಥ. ಎ1ರಿಂದ ಎ4ರವರೆಗೆ ಹುಡುಕಿಕೊಳ್ಳಬೇಕು. ಡಯಲ್ ತಿರುಗಿಸಿದಾಗ ಎ ರಿಲೇ ಪಲ್ಸಿಗೆ ತಕ್ಕಂತೆ ಮಿಡಿಯುತ್ತದೆ. ನಿಧಾನವಾಗಿ ಬಿಡುವ ಬಿ ರಿಲೇ ಆ ನಡುವೆ ಕಳಚದೆ ಕರೆಯನ್ನು ಹಿಡಿದಿಡುತ್ತದೆ. ಇವೆರಡರ ಕಾಂಟ್ಯಾಕ್ಟುಗಳನ್ನು ಕಾಯಿಲ್ ಬುಡದಲ್ಲೇ ಗುಡ್ಡೆ ಹಾಕಿದರೆ ತಂತಿಗೆರೆಗಳು ನೂಲುಂಡೆಯಾಗುತ್ತವೆ. ಬಿಡಿಸಿ ಬರೆದರೆ ಕರೆಯ ದಾರಿ ಕಣ್ಣಿಗೆ ಕಾಣುತ್ತದೆ. ಎಷ್ಟು ಚೆಂದದ ಉಪಾಯ!

ಆ ಕಾಲದ ಡ್ರಾಯಿಂಗ್ ಆಫೀಸುಗಳಲ್ಲಿ ಗುರುತುಗಳ (ಸಿಂಬಲ್) ಲೈಬ್ರರಿ ಎಂದರೆ ಪ್ಲಾಸ್ಟಿಕ್ ಸ್ಟೆನ್ಸಿಲ್, ಟ್ರೇಸಿಂಗ್ ಪೇಪರ್, ಇಂಡಿಯನ್ ಇಂಕು. ಗುರುತು ಹೇಗಿರಬೇಕೆಂದು ಭಾರತೀಯ ಮಾನಕ ಐಎಸ್ 2032 ಹೇಳುತ್ತಿತ್ತು. ಆದರೂ ರೆಸಿಸ್ಟರನ್ನು ಒಬ್ಬರು ಅಂಕುಡೊಂಕು ಗೆರೆಯಾಗಿ, ಇನ್ನೊಬ್ಬರು ಉದ್ದನೆಯ ಡಬ್ಬಿಯಾಗಿ ಬರೆಯುವುದು ಇಂದಿಗೂ ನಿಂತಿಲ್ಲ.

ಇತ್ತ ಕಂಟೋನ್ಮೆಂಟಿನಲ್ಲಿ, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ಗೆ ಬಂತು. ಅದರ ಸ್ಯಾಟಲೈಟ್ ಉಪಕರಣ ಎತ್ತಿನ ಗಾಡಿಯಲ್ಲಿ ಸಾಗಿದ ಕಥೆ ಎಲ್ಲರಿಗೂ ಗೊತ್ತು. ಅಲ್ಲಿ ಮೊದಲು ನಡೆದ ಕೆಲಸ ಚಿಪ್ ವಿನ್ಯಾಸದ ಸಾಫ್ಟ್‌ವೇರ್ ಬರೆಯುವುದು ಎಂಬುದನ್ನು ನೆನೆಯುವವರು ಕಡಿಮೆ. ಸ್ಟೆನ್ಸಿಲ್ ಪರದೆಯ ಮೇಲೆ ಬರುತ್ತಿದ್ದ ಕಾಲವದು. ಅಂಥ ಸಾಫ್ಟ್‌ವೇರು ಮಾತ್ರ ದೊಡ್ಡ ಕಂಪನಿಗಳಿಗಷ್ಟೇ ಎಟುಕುತ್ತಿತ್ತು.

ಎಲ್ಲರ ಕೈಗೆ ಸಿಗುವಂಥದ್ದು ಹುಟ್ಟಿದ್ದು ಫ್ರಾನ್ಸಿನ ಗ್ರೆನೋಬಲ್‌ನಲ್ಲಿ. 1992ರಲ್ಲಿ ಜಾನ್-ಪಿಯರ್ ಶಾರಾ ಕಿಕ್ಯಾಡ್ ಎಂಬ ಉಚಿತ ನಕ್ಷೆ ಸಾಫ್ಟ್‌ವೇರನ್ನು ಶುರುಮಾಡಿದರು. 2013ರಿಂದ ಸರ್ನ್ ಸಂಸ್ಥೆ ಕೈಜೋಡಿಸಿತು. ಐಐಟಿ ಬಾಂಬೆಯ ಫಾಸೀ ಯೋಜನೆಯ ಸರ್ಕ್ಯೂಟ್ ಸಾಫ್ಟ್‌ವೇರ್ ಇ-ಸಿಮ್ ಕೂಡ ಇದರ ಮೇಲೆಯೇ ನಿಂತಿದೆ.

ದೂರವಾಣಿನಗರದ ಎ ರಿಲೇಯನ್ನು ಕಿಕ್ಯಾಡ್‌ನಲ್ಲಿ ಬರೆಯಹೊರಟರೆ ಹಳೆಯ ವ್ಯಾಕರಣ ಮತ್ತೆ ಎದುರಾಗುತ್ತದೆ. ಸ್ಟ್ರೌಜರ್ ರಿಲೇಗಳಲ್ಲಿ ಕಾಂಟ್ಯಾಕ್ಟುಗಳ ಸಂಖ್ಯೆ, ಬಗೆ ಒಂದರಂತೆ ಇನ್ನೊಂದಿಲ್ಲ. ಆದ್ದರಿಂದ ಸಿಂಬಲ್ ಸ್ವಂತವಾಗಿ ಕಟ್ಟಿಕೊಳ್ಳಬೇಕು. ಮೊದಲು ಹೊಸ ಲೈಬ್ರರಿ. ಅದನ್ನು ಪ್ರಾಜೆಕ್ಟಿನ ಫೋಲ್ಡರಿನಲ್ಲೇ ಇಟ್ಟರೆ ಲೇಸು, ಬೇರೆ ಕಂಪ್ಯೂಟರಿಗೆ ಒಯ್ದರೂ ದಾರಿ ತಪ್ಪುವುದಿಲ್ಲ. ಆಮೇಲೆ ಐದು ಯೂನಿಟ್‌ಗಳ ಒಂದು ಸಿಂಬಲ್: ಕಾಯಿಲ್ ಒಂದು, ಕಾಂಟ್ಯಾಕ್ಟ್ ನಾಲ್ಕು. ಎಲ್ಲ ಯೂನಿಟ್‌ಗಳೂ ಅದಲುಬದಲಾಗಬಲ್ಲವು ಎಂಬ ಆಯ್ಕೆಯ ಟಿಕ್ ತೆಗೆಯಬೇಕು, ಇಲ್ಲವಾದರೆ ಕಾಯಿಲ್ಲೂ ಕಾಂಟ್ಯಾಕ್ಟೂ ಒಂದೇ ಎಂದು ಸಾಫ್ಟ್‌ವೇರ್ ಎಣಿಸುತ್ತದೆ. ಪಿನ್ನುಗಳ ಬಗೆ ‘ಪ್ಯಾಸಿವ್’ ಎಂದಿರಲಿ. ಕಾಯಿಲ್ ಪಿನ್ನಿಗೆ ‘ಪವರ್ ಇನ್‌ಪುಟ್’ ಕೊಟ್ಟರೆ ಕರೆಂಟು ಎಲ್ಲಿಂದ ಬರುತ್ತದೆ ಎಂದು ವಿದ್ಯುತ್ ನಿಯಮಗಳ ತಪಾಸಣೆಯಲ್ಲಿ (ಇಆರ್‌ಸಿ) ತಕರಾರು ಶುರು.

2021ರ ಡಿಸೆಂಬರಿನಲ್ಲಿ ಬಂದ ಆರನೆಯ ಆವೃತ್ತಿ ದೊಡ್ಡ ತಲೆನೋವೊಂದನ್ನು ಕಳೆಯಿತು. ಅದಕ್ಕೂ ಮುಂಚೆ ನಕ್ಷೆಯ ಫೈಲಿನಲ್ಲಿ ಸಿಂಬಲ್ಲಿನ ಹೆಸರಷ್ಟೇ ಇರುತ್ತಿತ್ತು, ರೂಪ ಇನ್ನೊಂದು ಫೈಲಿನಲ್ಲಿ. ಆ ಫೈಲು ಕಳೆದುಹೋದರೆ ರಿಲೇ ಇದ್ದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಖಾಲಿ ಚೌಕ. ಈಗ ಸಿಂಬಲ್ ನಕ್ಷೆಯೊಳಗೇ ಉಳಿಯುತ್ತದೆ.

ಪರದೆಯ ಮೇಲೆ ಎ ರಿಲೇಯ ಹೆಸರು ಕೆ1. ಕಾಯಿಲ್ ಕೆ1ಎ, ಕಾಂಟ್ಯಾಕ್ಟುಗಳು ಕೆ1ಬಿಯಿಂದ ಕೆ1ಇವರೆಗೆ, ಹಾಳೆಯಲ್ಲಿ ಬೇಕಾದಲ್ಲಿ ಇಡಬಹುದು. ಭಿನ್ನರಾಶಿಯ ಕೆಳಗಿನ ಆ 4 ಮಾತ್ರ ಕಾಣುವುದಿಲ್ಲ. ನಾಲ್ಕರಲ್ಲಿ ಒಂದು ಬಿಟ್ಟುಹೋಗಿದ್ದರೆ ಇಆರ್‌ಸಿ ತಪಾಸಣೆಯೇ ಎಣಿಸಿ ಹೇಳುತ್ತದೆ.